ನೆಲ ಮುಟ್ಟದ ತಂತಿ

ಕಳೆದ ವರ್ಷದ ಶಾಸ್ತ್ರಮೇಳದ ತಯಾರಿಯ ಸಮಯ. ನಮ್ಮ ಪ್ಲಸ್ ಟು ಮಕ್ಕಳು 741 ಐಸಿ ಹಾಕಿ ಒಂದು ಸಣ್ಣ ಆಂಪ್ಲಿಫೈಯರ್ ಕಟ್ಟಲು ಹೊರಟಿದ್ದರು. ಈ ಐಸಿಗೆ ಸಾಮಾನ್ಯವಾಗಿ +12 ಮತ್ತು -12 ಎಂದು ಎರಡು ವೋಲ್ಟೇಜು ಕೊಡಬೇಕು. ಅಂಥ ಜೋಡಿ ಪವರ್ ಸಪ್ಲೈ ನಮ್ಮ ಪ್ರಯೋಗಶಾಲೆಯಲ್ಲಿ ಇರಲಿಲ್ಲ, ಒಂಟಿಯವು ಎರಡಿದ್ದವು. ಒಂದರ ಮೈನಸ್ಸಿಗೆ ಇನ್ನೊಂದರ ಪ್ಲಸ್ ಸೇರಿಸಿ, ಸೇರಿದ ಜಾಗವನ್ನು ಸೊನ್ನೆ ಎಂದು ಹಿಡಿದರೆ ಆಯಿತು ಎಂದು ನಾವೇ ಹೇಳಿಕೊಟ್ಟೆವು. ಸ್ವಿಚ್ಚು ಹಾಕಿದ್ದೇ ತಡ, ಎರಡನೆಯ ಸಪ್ಲೈಯ ಮುಳ್ಳು ಸೊನ್ನೆಗೆ ಬಿತ್ತು, ಓವರ್‌ಲೋಡಿನ ಕೆಂಪು ದೀಪ ಹತ್ತಿತು. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿ, ಸೇರಿಸಿದರೆ ಒಂದು ಸತ್ತೇ ಹೋಗುತ್ತದೆ!

ಕಾರಣ ಮುಂದೆಯೇ ಇತ್ತು. ಇಂಥ ಸಪ್ಲೈಯ ಮುಖದಲ್ಲಿ ಮೂರು ಟರ್ಮಿನಲ್ಲುಗಳು: ಕೆಂಪು ಪ್ಲಸ್, ಕಪ್ಪು ಮೈನಸ್, ಹಸಿರು ಅರ್ತ್. ಕಪ್ಪನ್ನೂ ಹಸಿರನ್ನೂ ಸೇರಿಸುವ ಚಿಕ್ಕ ಲೋಹದ ಪಟ್ಟಿಯೊಂದು ಎರಡರಲ್ಲೂ ಇತ್ತು. ಅಂದರೆ ಎರಡೂ ಸಪ್ಲೈಗಳ ಮೈನಸ್ಸು ಪ್ಲಗ್ಗಿನ ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಸೇರಿತ್ತು. ಎರಡನೆಯದರ ಪ್ಲಸ್ಸನ್ನು ನಾವು ಮೊದಲನೆಯದರ ಮೈನಸ್ಸಿಗೆ ಕಟ್ಟಿದಾಗ ಅದರ ಎರಡು ತುದಿಗಳೂ ಭೂಮಿಯಲ್ಲೇ ಒಂದಾದವು. ಮೇಜಿನ ಮೇಲೆ ಕಾಣದ ಶಾರ್ಟ್ ಸರ್ಕ್ಯೂಟು ಗೋಡೆಯ ಒಳಗೆ ನಡೆದಿತ್ತು.

ಪಟ್ಟಿಗಳನ್ನು ಬಿಚ್ಚಿದೆವು. ಎಲ್ಲವೂ ಸರಿಯಾಯಿತು ಎನ್ನುವಾಗ ಒಬ್ಬಳು ಹುಡುಗಿ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಕಪ್ಪು ಟರ್ಮಿನಲ್ಲಿನಿಂದ ಹಸಿರಿಗೆ ಹಿಡಿದಳು. ಅಂಕಿ ಐವತ್ತು ಅರವತ್ತರ ನಡುವೆ ತೂಗಾಡುತ್ತಿತ್ತು. "ಸಾರ್, ಇದು ಲೀಕ್ ಆಗ್ತಾ ಉಂಟು, ಮುಟ್ಟುವುದು ಬೇಡ!"

ಈಗ ಯೋಚಿಸಿ. ಮೊದಲು ಭೂಮಿಗೆ ಕಟ್ಟಿದ್ದೇ ತೊಂದರೆಯಾಯಿತು. ಆಮೇಲೆ ಭೂಮಿಗೆ ಕಟ್ಟದಿದ್ದದ್ದೇ ತೊಂದರೆಯಂತೆ ಕಂಡಿತು. ಹಾಗಾದರೆ ಸರಿ ಯಾವುದು? ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಸುಮಾರು ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಭೂಮಿಗೆ ಕಟ್ಟುವುದೋ ಬಿಡುವುದೋ ಎಂಬ ಚರ್ಚೆ ವಿದ್ಯುತ್ತಿನ ಚರಿತ್ರೆಯ ಉದ್ದಕ್ಕೂ ಇದೆ.

ಹೊರಡುವ ಮುನ್ನ ಒಂದು ಹೋಲಿಕೆ. ಚಂದ್ರಗಿರಿ ಹೊಳೆಯಲ್ಲಿ ದೋಣಿಯೊಂದು ನಿಂತಿದೆ, ಅದರಲ್ಲೊಂದು ಹತ್ತು ಅಡಿಯ ಕಂಬ. ಉಬ್ಬರವಿರಲಿ ಇಳಿತವಿರಲಿ, ದೋಣಿಯ ಹಲಗೆಯಿಂದ ಕಂಬದ ತುದಿಗೆ ಹತ್ತೇ ಅಡಿ. ಆದರೆ ದಡದಲ್ಲಿ ನಿಂತು ಅಳೆದರೆ ಗಳಿಗೆಗೊಂದು ಲೆಕ್ಕ. ವೋಲ್ಟೇಜು ಕೂಡ ಹೀಗೆಯೇ, ಯಾವಾಗಲೂ ಎರಡು ಜಾಗಗಳ ನಡುವಿನ ಅಂತರ. ಕೆಂಪು ಮತ್ತು ಕಪ್ಪಿನ ನಡುವೆ 12 ಇದ್ದರೆ ಅದು ಕಂಬದ ಎತ್ತರ. ಕಪ್ಪಿಗೂ ಭೂಮಿಗೂ ಎಷ್ಟು ಎಂದು ಕೇಳಿದರೆ, ದೋಣಿಯನ್ನು ದಡಕ್ಕೆ ಕಟ್ಟಿದ್ದಾರೋ ಇಲ್ಲವೋ ಎಂದು ಮೊದಲು ನೋಡಬೇಕು. ಕಟ್ಟದೆ ಬಿಟ್ಟ ಇಂಥ ತುದಿಯನ್ನೇ ನಾವು ತೇಲುವ ತುದಿ ಎನ್ನುವುದು.

ರೇಷ್ಮೆ ಹಗ್ಗದಲ್ಲಿ ತೇಲಿದ ಹುಡುಗ

1729. ಇಂಗ್ಲೆಂಡಿನ ಸ್ಟೀಫನ್ ಗ್ರೇ, ಬಣ್ಣಗಾರನಾಗಿ ದುಡಿದು ಮುದುಕನಾದ ಮೇಲೂ ಪ್ರಯೋಗದ ಹುಚ್ಚು ಬಿಡದವನು. ಉಜ್ಜಿದ ಗಾಜಿನ ಕೊಳವೆಯ ಆಕರ್ಷಣಶಕ್ತಿಯನ್ನು ದಾರದ ಮೂಲಕ ದೂರಕ್ಕೆ ಸಾಗಿಸಬಹುದೇ ಎಂದು ಅವನೂ ಅವನ ಗೆಳೆಯ ವೀಲರ್ ಎಂಬವನೂ ನೋಡುತ್ತಿದ್ದರು. ಸೆಣಬಿನ ದಾರವನ್ನು ತೆಳ್ಳಗಿನ ರೇಷ್ಮೆ ಎಳೆಗಳಿಂದ ತೂಗುಹಾಕಿದಾಗ ಶಕ್ತಿ ನೂರಾರು ಅಡಿ ಸಾಗಿತು. ಒಮ್ಮೆ ರೇಷ್ಮೆ ತುಂಡಾಯಿತು. ಗಟ್ಟಿಯಿರಲಿ ಎಂದು ಹಿತ್ತಾಳೆ ತಂತಿ ಕಟ್ಟಿದರು. ಶಕ್ತಿ ಮಾಯ! ತಂತಿ ದಪ್ಪವೋ ತೆಳುವೋ ಎಂಬುದಲ್ಲ ಮುಖ್ಯ, ಯಾವ ವಸ್ತು ಎಂಬುದು ಮುಖ್ಯ ಎಂದು ಅವರಿಗೆ ಹೊಳೆಯಿತು. ವಾಹಕ, ಅವಾಹಕ ಎಂದು ನಾವು ತರಗತಿಯಲ್ಲಿ ಹೇಳುವ ಪಾಠ ಆ ದಿನ ಹುಟ್ಟಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಲೋಕದ ಮೊದಲ ಅರ್ತ್ ದೋಷದ ಪತ್ತೆಯೂ ಹೌದು. ಹಿತ್ತಾಳೆ ತಂತಿ ಎಲ್ಲವನ್ನೂ ಮನೆಯ ತೊಲೆಗೆ, ಅಲ್ಲಿಂದ ನೆಲಕ್ಕೆ ಹರಿಸಿಬಿಟ್ಟಿತ್ತು.

ಮರುವರ್ಷ ಗ್ರೇ ಒಬ್ಬ ಹುಡುಗನನ್ನೇ ರೇಷ್ಮೆ ಹಗ್ಗಗಳಿಂದ ಅಡ್ಡಡ್ಡ ತೂಗುಹಾಕಿ ವಿದ್ಯುದಾವೇಶ ಕೊಟ್ಟ. ಹುಡುಗನ ಕೈಯ ಕಡೆಗೆ ಲೋಹದ ಚೂರುಗಳು ಹಾರಿ ಬಂದವು. ತೂಗುತ್ತಿರುವಷ್ಟು ಹೊತ್ತು ಹುಡುಗನಿಗೆ ಏನೂ ಇಲ್ಲ. ನೆಲದ ಮೇಲೆ ನಿಂತವರು ಬೆರಳು ತಂದರೆ ಮಾತ್ರ ಚಟಕ್ಕೆಂದು ಕಿಡಿ. ತೇಲುವ ತುದಿಯ ಗುಣವೆಲ್ಲ ಇಲ್ಲೇ ಇದೆ. ಅದು ತನ್ನಷ್ಟಕ್ಕೆ ಸುಮ್ಮನಿರುತ್ತದೆ, ಯಾರಾದರೂ ನೆಲಕ್ಕೆ ದಾರಿ ಮಾಡಿಕೊಟ್ಟಾಗ ಮಾತಾಡುತ್ತದೆ. ಆ ದಾರಿ ನಾವೇ ಆದರೆ ಶಾಕು ನಮಗೇ.

ಬಿಟ್ಟಿ ಸಿಕ್ಕ ತಂತಿ

ಮುಂದೆ ನೂರು ವರ್ಷ ದಾಟಿ 1838ಕ್ಕೆ ಬರೋಣ. ಜರ್ಮನಿಯ ಸ್ಟೈನ್‌ಹೈಲ್ ಟೆಲಿಗ್ರಾಫಿನ ಪ್ರಯೋಗ ನಡೆಸುತ್ತಿದ್ದ. ನ್ಯೂರೆಂಬರ್ಗ್ ಮತ್ತು ಫ್ಯುರ್ಥ್ ನಡುವಿನ ಹೊಸ ರೈಲುಹಳಿಯನ್ನೇ ತಂತಿಯಾಗಿ ಬಳಸಬಹುದೇ ಎಂದು ನೋಡಿದ. ಆಗಲಿಲ್ಲ, ಕರೆಂಟು ಹಳಿಯಿಂದ ಮಣ್ಣಿಗೆ ಸೋರಿಹೋಯಿತು. ಬೇರೆಯವರಾದರೆ ಕೈಬಿಡುತ್ತಿದ್ದರು. ಅವನು ಸೋರಿಕೆಯನ್ನೇ ತಿರುಗಿಸಿ ನೋಡಿದ. ಮಣ್ಣು ಇಷ್ಟು ಚೆನ್ನಾಗಿ ಕರೆಂಟನ್ನು ಒಯ್ಯುತ್ತದಾದರೆ, ಹಿಂದಿರುಗುವ ತಂತಿಯೇ ಏಕೆ ಬೇಕು? ಎರಡು ತುದಿಗಳಲ್ಲಿ ಲೋಹದ ತಗಡು ಹೂತರೆ ಸಾಕು, ಒಂದೇ ತಂತಿಯಲ್ಲಿ ಸುದ್ದಿ ಹೋಗುತ್ತದೆ. ತಂತಿಯ ಖರ್ಚು ಅರ್ಧವಾಯಿತು.

ಅದೇ ಕಾಲಕ್ಕೆ, 1839ರಲ್ಲಿ, ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವಿಲಿಯಂ ಓಶಾನೆಸಿ ಅಲ್ಲಿನ ಸಸ್ಯೋದ್ಯಾನದಲ್ಲಿ ಮೈಲುಗಟ್ಟಲೆ ತಂತಿ ಎಳೆದು ಪ್ರಯೋಗ ಮಾಡಿದ. ಹೂಗ್ಲಿ ನದಿಯ ನೀರನ್ನೇ ಮಂಡಲದ ಒಂದು ಭಾಗವಾಗಿ ಬಳಸಿದ. ಹನ್ನೆರಡು ವರ್ಷದ ಮೇಲೆ, 1851ರಲ್ಲಿ, ಕಲ್ಕತ್ತೆ ಮತ್ತು ಡೈಮಂಡ್ ಹಾರ್ಬರ್ ನಡುವೆ ಟೆಲಿಗ್ರಾಫ್ ತೆರೆಯಿತು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ "ತಂತಿ ಬಂತು" ಎಂದರೆ ಮನೆಯಲ್ಲಿ ಅಳು ಶುರುವಾಗುತ್ತಿತ್ತಂತೆ. ಆ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು.

ಹೀಗೆ 19ನೆಯ ಶತಮಾನದ ಎಂಜಿನಿಯರುಗಳಿಗೆ ಭೂಮಿ ಎಂದರೆ ರಕ್ಷಣೆಯಲ್ಲ, ಪುಕ್ಕಟೆ ಸಿಕ್ಕ ತಂತಿ. ಪುಕ್ಕಟೆ ಸಿಕ್ಕಿದ್ದರ ಬೆಲೆ ಆಮೇಲೆ ತಿಳಿಯುತ್ತದಲ್ಲ? ಇಲ್ಲಿಯೂ ಹಾಗೇ ಆಯಿತು.

ನೆಲ ಗೊಣಗತೊಡಗಿತು

ಮೊದಲ ಟೆಲಿಫೋನುಗಳು ಟೆಲಿಗ್ರಾಫಿನ ದಾರಿಯನ್ನೇ ಹಿಡಿದು ಒಂದು ತಂತಿ, ಒಂದು ಭೂಮಿ ಎಂದು ನಡೆದವು. ಟೆಲಿಗ್ರಾಫಿನ ಕಟ್ಟು ಕಡ ಸದ್ದಿಗೆ ಅದು ಸಾಕಿತ್ತು. ಮನುಷ್ಯರ ಮಾತಿಗೆ ಸಾಲಲಿಲ್ಲ. 1880ರ ದಶಕದ ಕೊನೆಯಲ್ಲಿ ಅಮೆರಿಕದ ನಗರಗಳಲ್ಲಿ ವಿದ್ಯುತ್ ಟ್ರಾಮುಗಳು ಓಡತೊಡಗಿದವು. ಅವುಗಳ ಕರೆಂಟು ಹಳಿಯ ಮೂಲಕ ಹಿಂದಿರುಗುವಾಗ ಒಂದಷ್ಟು ಮಣ್ಣಿಗಿಳಿಯುತ್ತಿತ್ತು. ಅದೇ ಮಣ್ಣು ಟೆಲಿಫೋನಿಗೂ ತಂತಿ! ಕಿವಿಗೆ ಹಿಡಿದರೆ ಮಾತಿನ ಜೊತೆ ಟ್ರಾಮಿನ ಗುಂಯ್‌ಗುಡುವಿಕೆ. ಭೂಮಿಯೆಲ್ಲ ಒಂದೇ ಮಟ್ಟ, ಎಲ್ಲೆಡೆಯೂ ಸೊನ್ನೆ ಎಂಬ ನಂಬಿಕೆ ಇಲ್ಲಿ ಮುರಿಯಿತು. ಕರೆಂಟು ಹರಿಯುವ ನೆಲದಲ್ಲಿ ಒಂದು ಬೀದಿಯ ಸೊನ್ನೆ ಇನ್ನೊಂದು ಬೀದಿಯ ಸೊನ್ನೆಯಲ್ಲ.

ಪರಿಹಾರ ಏನು? ಭೂಮಿಯನ್ನು ಬಿಡುವುದು. ಹೋಗಲೊಂದು ಬರಲೊಂದು, ಎರಡು ತಂತಿ. ಗ್ರಹಾಂ ಬೆಲ್ 1881ರಲ್ಲೇ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಬಳಸುವ ಪೇಟೆಂಟ್ ಪಡೆದಿದ್ದ. ಹೊರಗಿನ ಗಲಾಟೆ ಎರಡು ತಂತಿಗಳಿಗೂ ಸಮನಾಗಿ ತಗಲುತ್ತದೆ. ನಾವು ಕೇಳುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರವಾದ್ದರಿಂದ ಗಲಾಟೆ ಕಳೆದುಹೋಗುತ್ತದೆ. ದೋಣಿ ಏರಿದರೂ ಇಳಿದರೂ ಕಂಬ ಹತ್ತೇ ಅಡಿ ಎಂಬ ಲೆಕ್ಕವೇ.

ಪರೀಕ್ಷಾ ಉಪಕರಣಗಳ ಕಥೆ ಇಲ್ಲಿ ಕೂಡಿಕೊಳ್ಳುತ್ತದೆ. ಹೀಗೆ ನೆಲ ಬಿಟ್ಟು ತೇಲುವ ಟೆಲಿಫೋನ್ ಮಾರ್ಗವನ್ನು ಪರೀಕ್ಷಿಸಲು ಒಂದು ತುದಿ ಭೂಮಿಗೆ ಕಟ್ಟಿದ ಉಪಕರಣ ತಂದರೆ, ಉಪಕರಣವೇ ಮಾರ್ಗದ ಸಮತೋಲ ಕೆಡಿಸುತ್ತದೆ. ಆದ್ದರಿಂದ ಸಂಕೇತ ಕೊಡುವ ಆಸಿಲೇಟರುಗಳ ಹೊರತುದಿಗೆ ಟ್ರಾನ್ಸ್‌ಫಾರ್ಮರ್ ಹಾಕಿ ಅದನ್ನೂ ತೇಲಿಸಿದರು. ಟ್ರಾನ್ಸ್‌ಫಾರ್ಮರಿನ ಎರಡು ಸುತ್ತುಗಳ ನಡುವೆ ತಂತಿಯ ಸಂಪರ್ಕವಿಲ್ಲ, ಕಾಂತಕ್ಷೇತ್ರ ಮಾತ್ರ. ಶಕ್ತಿ ದಾಟುತ್ತದೆ, ಭೂಮಿಯ ಸಂಬಂಧ ದಾಟುವುದಿಲ್ಲ. ತೇಲುವ ತುದಿ ಎಂಬುದು ಯಾರೋ ಕಟ್ಟಲು ಮರೆತ ತುದಿಯಲ್ಲ, ಬೇಕೆಂದೇ ಮಾಡಿದ್ದು ಎಂದು ನಮ್ಮ ಹುಡುಗಿಗೆ ನಾವು ಕೊಟ್ಟ ಮೊದಲ ಉತ್ತರ ಇದು.

ಮೂರನೆಯ ಪಿನ್ನು

ಇಷ್ಟರಲ್ಲಿ ವಿದ್ಯುತ್ತು ಮನೆಮನೆಗೆ ಬಂದಿತ್ತು. ಇಸ್ತ್ರಿಪೆಟ್ಟಿಗೆ, ಒಲೆ, ಫ್ಯಾನು ಎಲ್ಲಕ್ಕೂ ಲೋಹದ ಮೈ. ಒಳಗಿನ ತಂತಿಯ ಹೊದಿಕೆ ಸವೆದು ಮೈಗೆ ತಾಗಿದರೆ ಮುಟ್ಟಿದವನ ಗತಿ? ಮೈಯನ್ನೇ ಮೊದಲೇ ಭೂಮಿಗೆ ಕಟ್ಟಿಬಿಟ್ಟರೆ, ತಾಗಿದ ಕೂಡಲೇ ದೊಡ್ಡ ಕರೆಂಟು ಹರಿದು ಫ್ಯೂಸು ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಹೀಗೆ ಭೂಮಿ ಮತ್ತೆ ಬಂತು. ಈ ಸಲ ತಂತಿಯಾಗಿ ಅಲ್ಲ, ಕಾವಲುಗಾರನಾಗಿ. ಬ್ರಿಟನ್ನಿನ ದುಂಡು ಪಿನ್ನುಗಳ ಪ್ಲಗ್ಗಿಗೆ 1934ರಲ್ಲಿ ಬಂದ ಮಾನಕ ಬಿಎಸ್ 546. ನಮ್ಮ ದೇಶದ ಐದು ಆಂಪಿಯರ್, ಹದಿನೈದು ಆಂಪಿಯರ್ ಪ್ಲಗ್ಗುಗಳು ಅದೇ ವಂಶದವು. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ ಏಕೆಂದು ಮಕ್ಕಳನ್ನು ಕೇಳಿ ನೋಡಿ. ಚುಚ್ಚುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಕಾವಲುಗಾರ ಮೊದಲು ಬಂದು ಕೊನೆಗೆ ಹೋಗುವವನು.

ಆದರೆ ಬದುಕಿಸಲು ಭೂಮಿಯನ್ನು ಬಿಟ್ಟ ಉದಾಹರಣೆಯೂ ಇದೆ. ಈಥರಿನಂಥ ಬೆಂಕಿ ಹಿಡಿಯುವ ಅರಿವಳಿಕೆ ಬಳಸುತ್ತಿದ್ದ ಕಾಲದಲ್ಲಿ ಆಪರೇಷನ್ ಥಿಯೇಟರಿನಲ್ಲಿ ಒಂದು ಕಿಡಿ ಸಾಕಿತ್ತು ಅನಾಹುತಕ್ಕೆ. ಅಲ್ಲಿಗೆ ಟ್ರಾನ್ಸ್‌ಫಾರ್ಮರಿನ ಮೂಲಕ ತೇಲುವ ಸಪ್ಲೈ ಕೊಟ್ಟರು. ಒಂದು ತಂತಿ ಎಲ್ಲಾದರೂ ತಾಗಿದರೂ ಮಂಡಲ ಪೂರ್ತಿಯಾಗುವುದಿಲ್ಲ, ಕಿಡಿಯಿಲ್ಲ. ಆದರೆ ಮೊದಲ ದೋಷ ಹೀಗೆ ಮೌನವಾಗಿ ಕೂರುವುದೇ ಅಪಾಯ. ಎರಡನೆಯ ದೋಷ ಬಂದಾಗ ಎರಡೂ ಒಟ್ಟಿಗೆ ಹೊಡೆಯುತ್ತವೆ. ಅದಕ್ಕೇ ಅಲ್ಲಿ ಸದಾ ಸೋರಿಕೆಯನ್ನು ನೋಡುತ್ತ ಕೂರುವ, ಹೆಚ್ಚಾದರೆ ಗಂಟೆ ಬಾರಿಸುವ ಉಪಕರಣವನ್ನೂ ಇಟ್ಟರು. ತೇಲಿಸಿದವನು ಕಾಯಲೂ ಬೇಕು.

ಮೇಜಿನ ಮೇಲಿನ ಜಗಳ

ಎರಡನೆಯ ಮಹಾಯುದ್ಧದ ನಂತರ ಈ ಎರಡು ಸಂಪ್ರದಾಯಗಳೂ ಪ್ರಯೋಗಶಾಲೆಯ ಒಂದೇ ಮೇಜಿನ ಮೇಲೆ ಎದುರಾದವು. 1946ರಲ್ಲಿ ಅಮೆರಿಕದ ಒರೆಗಾನಿನಲ್ಲಿ ಹಾವರ್ಡ್ ವೋಲಂ, ಜ್ಯಾಕ್ ಮರ್ಡಾಕ್ ಮುಂತಾದವರು ಟೆಕ್ಟ್ರಾನಿಕ್ಸ್ ಕಂಪನಿ ಕಟ್ಟಿದರು. ಅವರ ಆಸಿಲೋಸ್ಕೋಪುಗಳು ಲೋಕದ ಎಲ್ಲ ಪ್ರಯೋಗಶಾಲೆಗಳಿಗೂ ಮಾದರಿಯಾದವು. ಸಾಮಾನ್ಯ ಮೇಜಿನ ಆಸಿಲೋಸ್ಕೋಪಿನಲ್ಲಿ ಪ್ರೋಬಿನ ಮೊಸಳೆ ಕ್ಲಿಪ್ಪು ಪೆಟ್ಟಿಗೆಯ ಮೈಗೆ, ಮೈ ಮೂರನೆಯ ಪಿನ್ನಿಗೆ ಸೇರಿರುತ್ತದೆ. ಅಂದರೆ ಕ್ಲಿಪ್ಪು ಎಂದರೆ ಭೂಮಿ.

ಇದನ್ನು ಮರೆತವರಿಗೆ ಪಾಠ ಸಿಗುವುದು ಟ್ರಾನ್ಸ್‌ಫಾರ್ಮರಿಲ್ಲದೆ ನೇರ ಮೈನ್ಸಿಗೆ ಕಟ್ಟಿದ ಸರ್ಕ್ಯೂಟುಗಳಲ್ಲಿ. 230 ವೋಲ್ಟಿನ ಎಸಿಯನ್ನು ನೇರವಾಗಿ ಬ್ರಿಡ್ಜಿನಿಂದ ಡಿಸಿ ಮಾಡಿದಾಗ ಅದರ ಮೈನಸ್ ತಂತಿ ಸೊನ್ನೆಯಲ್ಲಿರುವುದಿಲ್ಲ, ಪ್ರತಿ ಸುತ್ತಿನಲ್ಲೂ ಭೂಮಿಗಿಂತ 325 ವೋಲ್ಟಿನವರೆಗೆ ಕೆಳಗಿಳಿಯುತ್ತದೆ. ಮೈನಸ್ಸಲ್ಲವೇ ಎಂದು ಅಲ್ಲಿಗೆ ಕ್ಲಿಪ್ಪು ಸಿಕ್ಕಿಸಿದರೆ ಢಮ್!

ಈ ಢಮ್ಮನ್ನು ತಪ್ಪಿಸಲು ಹಲವು ಕಡೆ ಒಂದು ಕೆಟ್ಟ ಉಪಾಯ ಬೆಳೆಯಿತು, ಆಸಿಲೋಸ್ಕೋಪಿನ ಮೂರನೆಯ ಪಿನ್ನನ್ನೇ ಕಿತ್ತುಹಾಕುವುದು. ನಾವು ಓದುತ್ತಿದ್ದ ಕಾಲೇಜಿನಲ್ಲೂ ಅಂಥದೊಂದಿತ್ತು. ಪ್ಲಗ್ಗಿನೊಳಗಿನ ಹಸಿರು ತಂತಿಯನ್ನು ಯಾರೋ ಕತ್ತರಿಸಿ, ಟೇಪು ಸುತ್ತಿ, ಮುಚ್ಚಳ ಹಾಕಿದ್ದರು. ಹೊರಗಿನಿಂದ ನೋಡಿದರೆ ಮೂರು ಪಿನ್ನೂ ಸರಿಯಾಗಿಯೇ ಇವೆ. ಒಂದು ಮಧ್ಯಾಹ್ನ ಹಿಂದಿನ ತಂಡದವರು ಕ್ಲಿಪ್ಪನ್ನು ಮೈನ್ಸಿನ ಸರ್ಕ್ಯೂಟಿನಲ್ಲಿ ಹಾಗೇ ಬಿಟ್ಟಿದ್ದರು. ನಮ್ಮ ಜೊತೆಗಾರ ಒಂದು ಕೈಯಲ್ಲಿ ಆಸಿಲೋಸ್ಕೋಪಿನ ಮೈ ಹಿಡಿದು ಇನ್ನೊಂದರಲ್ಲಿ ಪಕ್ಕದ ಸಪ್ಲೈಯನ್ನು ಮುಟ್ಟಿದ. ಒಂದು ಆಸಿಲೋಸ್ಕೋಪು ತೇಲುತ್ತಿತ್ತು, ಇನ್ನೊಂದು ಸಪ್ಲೈ ನೆಲಕ್ಕೆ ಕಟ್ಟಿತ್ತು, ನಡುವಿನ ತಂತಿ ಅವನೇ. ಸ್ಟೂಲಿನಿಂದ ಹಿಂದಕ್ಕೆ ಬಿದ್ದದ್ದರಿಂದ ಕೈ ಬಿಟ್ಟಿತು, ಬದುಕಿದ. ಗ್ರೇಯ ಹುಡುಗನೂ ಅವನ ಬಳಿ ಬೆರಳು ತಂದವರೂ ಇಬ್ಬರೂ ಒಬ್ಬನಲ್ಲೇ ಸೇರಿದಂತಾಯಿತು ಎಂದು ಈಗ ಅನ್ನಿಸುತ್ತದೆ. ಅಂದು ಅನ್ನಿಸಿದ್ದು ಹೆದರಿಕೆ ಮಾತ್ರ.

ಸರಿಯಾದ ದಾರಿಗಳು ಇದ್ದೇ ಇವೆ. ಎರಡು ಚಾನೆಲ್ಲುಗಳ ಪ್ರೋಬನ್ನು ಎರಡು ಜಾಗಕ್ಕೆ ಹಿಡಿದು, ಒಂದನ್ನು ತಿರುಗಿಸಿ ಕೂಡಿಸಿದರೆ ಪರದೆಯ ಮೇಲೆ ವ್ಯತ್ಯಾಸ ಬರುತ್ತದೆ, ಬೆಲ್ಲನ ಜೋಡಿ ತಂತಿಯ ಉಪಾಯವೇ. ಅಲ್ಲಿ ಎಷ್ಟು ವೋಲ್ಟಿದೆಯೋ ಅಷ್ಟನ್ನು ತಾಳುವ ಪ್ರೋಬು ಇರಬೇಕು ಅಷ್ಟೆ. ಡಿಫರೆನ್ಷಿಯಲ್ ಪ್ರೋಬು ಬಳಸಬಹುದು. ಇಲ್ಲವೇ ಪರೀಕ್ಷಿಸುವ ಸರ್ಕ್ಯೂಟಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೊಡಬಹುದು. ತೇಲಿಸುವುದಿದ್ದರೆ ಸರ್ಕ್ಯೂಟನ್ನು ತೇಲಿಸಿ, ಮನುಷ್ಯರು ಮುಟ್ಟುವ ಆಸಿಲೋಸ್ಕೋಪನ್ನಲ್ಲ.

ಇಲ್ಲದ್ದನ್ನು ಕಾಣುವ ಮೀಟರು

ಇನ್ನು ಹುಡುಗಿ ಕಂಡ ಅರವತ್ತು ವೋಲ್ಟು. ಅದು ಬಂದದ್ದು ಎಲ್ಲಿಂದ?

1923ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಮೆಕೇಡಿಯ ಕಲ್ಪನೆಯಿಂದ ಆವೋಮೀಟರ್ ಬಂತು. ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಮುಳ್ಳಿನ ಮೀಟರು. ಇಂಥ ಮೀಟರು ಮುಳ್ಳನ್ನು ಅಲುಗಿಸಲು ಸರ್ಕ್ಯೂಟಿನಿಂದಲೇ ಕರೆಂಟು ಕುಡಿಯುತ್ತದೆ. 1952ರಲ್ಲಿ ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಕೇ ಡಿಜಿಟಲ್ ವೋಲ್ಟ್‌ಮೀಟರು ತಂದ. ಅದರ ಸಂತತಿಯಾದ ಇಂದಿನ ಕೈಮೀಟರುಗಳ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಕುಡಿಯುವುದು ಬಲು ಕಡಿಮೆ, ಆದ್ದರಿಂದ ಸರ್ಕ್ಯೂಟನ್ನು ಕೆಡಿಸುವುದಿಲ್ಲ. ಆದರೆ ಆ ಒಳ್ಳೆಯತನದಲ್ಲೇ ಒಂದು ತೊಡಕಿದೆ.

ಟ್ರಾನ್ಸ್‌ಫಾರ್ಮರಿನ ಎರಡು ಸುತ್ತುಗಳು ಮುಟ್ಟಿಕೊಂಡಿಲ್ಲ, ನಿಜ. ಆದರೆ ಅಕ್ಕಪಕ್ಕದಲ್ಲಿರುವ ಎರಡು ವಾಹಕಗಳು ತಾವಾಗಿಯೇ ಒಂದು ಪುಟ್ಟ ಕೆಪಾಸಿಟರು. 100 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. 50 ಹರ್ಟ್ಸಿನಲ್ಲಿ ಇದರ ತಡೆ ಸುಮಾರು 3.2 ಕೋಟಿ ಓಮ್. 230 ವೋಲ್ಟಿನ ಫೇಸು ಈ ತಡೆಯನ್ನು ದಾಟಿ ತೇಲುವ ತುದಿಗೆ ಬಂದಾಗ, 1 ಕೋಟಿ ಓಮಿನ ಡಿಜಿಟಲ್ ಮೀಟರು ತೋರಿಸುವುದು ಸುಮಾರು 69 ವೋಲ್ಟು! ಎಸಿಯಲ್ಲಿ ವೋಲ್ಟಿಗೆ 1000 ಓಮಿನಂತೆ 250 ವೋಲ್ಟಿನ ಅಳತೆಯಲ್ಲಿ ಎರಡೂವರೆ ಲಕ್ಷ ಓಮಿನ ಹಳೆಯ ಮುಳ್ಳಿನ ಮೀಟರಾದರೆ ಎರಡು ವೋಲ್ಟನ್ನೂ ಕಾಣಿಸುತ್ತಿರಲಿಲ್ಲ. ಹುಡುಗಿ ಕಂಡದ್ದು ಸುಳ್ಳಲ್ಲ. ಆದರೆ ಅದರ ಹಿಂದೆ ಬಲವಿಲ್ಲ, ಒಂದು ಮಿಲಿಆಂಪಿಯರಿನ ನೂರರಲ್ಲಿ ಒಂದು ಪಾಲೂ ಹರಿಯಲಾರದು.

ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಬೆರಳಿಗೆ ಜುಂ ಎನ್ನುವುದೂ ಇದರ ನೆಂಟನೇ. ಅಲ್ಲಿ ಗದ್ದಲ ತಡೆಯಲೆಂದು ಬೇಕೆಂದೇ ಹಾಕಿದ ಕೆಪಾಸಿಟರಿನ ಮೂಲಕ ಒಂದಿಷ್ಟು ಕರೆಂಟು ಬರುತ್ತದೆ.

ಹುಡುಕುವ ಕ್ರಮ

ಹಾಗೆಂದು ಎಲ್ಲ ಅರವತ್ತು ವೋಲ್ಟೂ ನೆರಳೇ ಎಂದು ನಂಬಿಬಿಡುವಂತಿಲ್ಲ. ಟ್ರಾನ್ಸ್‌ಫಾರ್ಮರಿನ ಹೊದಿಕೆ ನಿಜವಾಗಿಯೂ ಸುಟ್ಟಿದ್ದರೂ ಮೀಟರು ಒಂದು ಅಂಕಿಯನ್ನೇ ತೋರಿಸುತ್ತದೆ. ನಾವು ಮಾಡುವುದು ಹೀಗೆ.

ಮೊದಲು ಕೆಂಪಿನಿಂದ ಕಪ್ಪಿಗೆ ಅಳೆಯುವುದು. ಅಲ್ಲಿ 12 ಗಟ್ಟಿಯಾಗಿ ನಿಂತಿದ್ದರೆ ಸಪ್ಲೈ ತನ್ನ ಕೆಲಸ ಮಾಡುತ್ತಿದೆ. ಮತ್ತೆ ಹಸಿರಿನ ಪಟ್ಟಿ ಎಲ್ಲೆಲ್ಲಿದೆ ಎಂದು ಮೇಜಿನ ಮೇಲಿನ ಎಲ್ಲ ಉಪಕರಣಗಳಲ್ಲೂ ನೋಡುವುದು. ಆಸಿಲೋಸ್ಕೋಪಿನ ಕ್ಲಿಪ್ಪನ್ನು ಮರೆಯಬಾರದು, ಅದೂ ಒಂದು ಪಟ್ಟಿಯೇ. ಇಡೀ ಸರ್ಕ್ಯೂಟಿಗೆ ಭೂಮಿ ಒಂದೇ ಕಡೆ ಇರಲಿ.

ಆಮೇಲೆ ನೆರಳಿನ ಪರೀಕ್ಷೆ. ಇದನ್ನು ಮಕ್ಕಳ ಕೈಯಲ್ಲಿ ಮಾಡಿಸುವುದಿಲ್ಲ. ಸ್ವಿಚ್ಚು ಆರಿಸಿ, ಕಪ್ಪು ಮತ್ತು ಹಸಿರಿನ ನಡುವೆ 1 ಲಕ್ಷ ಓಮಿನ, 1 ವಾಟಿನ ರೆಸಿಸ್ಟರನ್ನು ಕ್ಲಿಪ್ಪಿನಿಂದ ಕಟ್ಟಿ, ಮೀಟರನ್ನೂ ಸಿಕ್ಕಿಸಿ, ಕೈ ತೆಗೆದು ಸ್ವಿಚ್ಚು ಹಾಕುವುದು. ನೆರಳಾದರೆ ಅರವತ್ತು ಇದ್ದದ್ದು ಒಂದು ವೋಲ್ಟಿನ ಒಳಗೆ ಕುಸಿಯುತ್ತದೆ. ಕುಸಿಯದೆ ನಿಂತರೆ ಅದು ನೆರಳಲ್ಲ, ದೋಷ. ಅಲ್ಲಿಗೆ ನಿಲ್ಲಿಸಿ ಉಪಕರಣವನ್ನು ರಿಪೇರಿಗೆ ಕೊಡಬೇಕು. 1 ವಾಟು ಏಕೆಂದರೆ, ಪೂರ್ತಿ 230 ವೋಲ್ಟೇ ಬಂದರೂ ರೆಸಿಸ್ಟರಿನಲ್ಲಿ ಉರಿಯುವುದು ಅರ್ಧ ವಾಟಿಗಿಂತ ಸ್ವಲ್ಪ ಹೆಚ್ಚು, ಅದು ತಾಳಿಕೊಳ್ಳುತ್ತದೆ.

ಕೊನೆಗೆ ಪ್ಲಗ್ಗು ಕಿತ್ತು, ಮೂರನೆಯ ಪಿನ್ನಿನಿಂದ ಪೆಟ್ಟಿಗೆಯ ಬರಿಯ ಲೋಹಕ್ಕೆ ಓಮ್ ಅಳೆಯುವುದು. ಒಂದು ಓಮಿನೊಳಗೆ ಇರಬೇಕು. ಟೇಪು ಸುತ್ತಿದ ಆ ಹಸಿರು ತಂತಿ ಸಿಕ್ಕಿಬೀಳುವುದು ಇಲ್ಲಿಯೇ. ಕಾಲೇಜಿನ ಆ ಮಧ್ಯಾಹ್ನಕ್ಕೆ ಮೊದಲು ಯಾರಾದರೂ ಈ ಅರ್ಧ ನಿಮಿಷದ ಕೆಲಸ ಮಾಡಿದ್ದರೆ ಸಾಕಿತ್ತು.

ನಮ್ಮ ಎರಡು ಸಪ್ಲೈಗಳಲ್ಲಿ ಕಂಡದ್ದು ನೆರಳೇ, ರೆಸಿಸ್ಟರು ಕಟ್ಟಿದಾಗ ಮುಕ್ಕಾಲು ವೋಲ್ಟಿಗೂ ಕೆಳಗಿಳಿಯಿತು. ಮೊದಲನೆಯದರ ಪಟ್ಟಿಯನ್ನು ಮತ್ತೆ ಹಾಕಿದೆವು, ಎರಡನೆಯದನ್ನು ತೇಲಲು ಬಿಟ್ಟೆವು. ದೋಣಿಗಳೆರಡನ್ನೂ ಒಂದಕ್ಕೊಂದು ಕಟ್ಟಿ, ದಡಕ್ಕೆ ಒಂದೇ ಹಗ್ಗ. ಆಂಪ್ಲಿಫೈಯರ್ ಹಾಡಿತು.

ಆ ಹುಡುಗಿಗೆ ನಾವು ಹೇಳಿದ್ದು ಇಷ್ಟೆ: "ನೀನು ಹೆದರಿದ್ದು ತಪ್ಪಲ್ಲ ಮಗಾ. ಅಂಕಿ ನೋಡಿದ ಕೂಡಲೇ ಎಲ್ಲಿಂದ ಎಲ್ಲಿಗೆ ಎಂದು ಕೇಳಿಕೋ." ಮರುದಿನ ಬಂದು ನೋಡಿದರೆ ಎರಡೂ ಸಪ್ಲೈಗಳ ಮೇಲೆ ಅವಳ ಕೈಬರಹದ ಚೀಟಿ ಅಂಟಿತ್ತು. ಒಂದರಲ್ಲಿ "ಕಟ್ಟಿದೆ", ಇನ್ನೊಂದರಲ್ಲಿ "ತೇಲುತ್ತಿದೆ, ನೋಡಿ ಮುಟ್ಟಿ". ಚೀಟಿಗಳು ಈಗಲೂ ಅಲ್ಲೇ ಇವೆ. ಹೊಸ ತಂಡ ಬಂದಾಗ ನಾವು ಪಾಠವನ್ನು ಅಲ್ಲಿಂದಲೇ ಶುರುಮಾಡುತ್ತೇವೆ.